ಭಾವ ಕೇಳಿದ್ದಕ್ಕೆ: ಸಣ್ಣ ಹಿಟಾಚಿ ಕೊಳ್ಳೋದಾ, ಬಾಡಿಗೆಗೆ ತರೋದಾ?

ಭಾವ, ನೀವು ಗ್ರೂಪಿಗೆ ಹಾಕಿದ್ದು ನೋಡಿದೆ. ಮಳೆನೀರು ಹೋಗಲು ಮನೆ ಸುತ್ತ 40 ಮೀಟರ್ ಚರಂಡಿ ಅಗೆಯಬೇಕು, ಹಿಂದೆ 2 ಮೀಟರ್ ಆಳದ ಇಂಗುಗುಂಡಿ ಬೇಕು, ಎರಡು ಮರದ ಬೊಡ್ಡೆ ಕೀಳಬೇಕು. ಇಷ್ಟಕ್ಕೆ ಒಂದು ಸಣ್ಣ ಹಿಟಾಚಿ ಕೊಂಡು ನಾನೇ ಓಡಿಸಲಾ ಅಂತ ಕೇಳಿದ್ದೀರಿ. ಕೆಳಗೆ ಅಕ್ಕ "ಅಪಾಯ ಇಲ್ವಾ?" ಅಂತ ಬರೆದಿದ್ದಾಳೆ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಉದ್ದ ಆಗುತ್ತದೆ, ಬಿಡುವಾದಾಗ ಕೇಳಿ.

ಈ ಕೆಲಸಕ್ಕೆ ಕೊಳ್ಳಬೇಡಿ ಭಾವ. ಬಾಡಿಗೆಗೆ ತನ್ನಿ. ನೀವು ಹೇಳಿದ್ದೆಲ್ಲ ಕೆಲವೇ ದಿನಗಳ ಕೆಲಸ. ಆಮೇಲೆ ಗಾಡಿ ಸುಮ್ನೆ ನಿಲ್ಲುತ್ತದೆ. ನಿಂತ ಗಾಡಿ ಕೆಡುತ್ತದೆ. ಬ್ಯಾಟರಿ ಇಳಿಯುತ್ತದೆ, ಚಕ್ರದ ಬದಲಿಗೆ ಇರುವ ರಬ್ಬರ್ ಚೈನ್ ಬಿಸಿಲಿಗೆ ಬಿರುಕು ಬಿಡುತ್ತದೆ, ಸಿಲಿಂಡರ್ ರಾಡಿಗೆ ತುಕ್ಕು ಹಿಡಿದರೆ ಅದು ಒಳಗೆ ಹೊರಗೆ ಆಡುವಾಗ ಸೀಲ್ ಹರಿದುಹೋಗುತ್ತದೆ. ಪ್ರತಿ ವರ್ಷ ಅಗೆಯುವ ಕೆಲಸ ಇದೆ ಅಂತಾದರೆ ಮಾತ್ರ ಕೊಳ್ಳುವ ಯೋಚನೆ. ಆಗಲೂ ಬಾಡಿಗೆ ಗಾಡಿಯಲ್ಲಿ ಕೆಲಸ ಮಾಡಿ ನೋಡಿದ ಮೇಲೆ.

ಇನ್ನು ಎಷ್ಟು ದೊಡ್ಡದು ಬೇಕು ಅನ್ನೋದು. ಜೆಸಿಬಿ ಬೇಡ. ಅದು 7-8 ಟನ್ ಭಾರ, ಹಿಂದಿನ ಕೈ ಪೂರ್ತಿ ಸುತ್ತುವುದಿಲ್ಲ, ಮನೆ ಪಕ್ಕದ ಇಕ್ಕಟ್ಟಿನಲ್ಲಿ ತಿರುಗಿಸಲು ಜಾಗ ಸಾಲದು. ನಿಮಗೆ ಬೇಕಾದ್ದು ಚೈನ್ ಮೇಲೆ ಓಡುವ ಮಿನಿ. ಅದರಲ್ಲೂ 1 ಟನ್ನಿನ ಗಾಡಿ ಸಾಮಾನ್ಯವಾಗಿ ಒಂದೂವರೆ ಮೀಟರ್ ಆಸುಪಾಸು ಅಗೆಯುತ್ತದೆ, ನಿಮ್ಮ ಗುಂಡಿಗೆ ಅದು ಎಟುಕುವುದಿಲ್ಲ. 1.7ರಿಂದ 2 ಟನ್ನಿನದು 2.2 ಮೀಟರ್ ಮೇಲೆ ಹೋಗುತ್ತದೆ. ಆದರೆ ಕಾಗದದಲ್ಲಿ ಬರೆದ ಆಳ ಬಕೆಟ್ ಹಲ್ಲು ಮುಟ್ಟುವ ಕೊನೆಯ ಬಿಂದು. ಗುಂಡಿಯ ಗೋಡೆ ನೇರ ಬರಬೇಕು, ತಳ ಸಮ ಬರಬೇಕು ಅಂದರೆ ಅಷ್ಟು ಆಳ ಸಿಗುವುದಿಲ್ಲ. ಬೇಕಾದ ಆಳಕ್ಕಿಂತ ಒಂದು ಅಡಿಯಾದರೂ ಜಾಸ್ತಿ ಇರುವ ಗಾಡಿ ಕೇಳಿ. ನಿಮಗೆ 2 ಟನ್, ಗೇಟಿನಲ್ಲಿ ತೂರುವುದಾದರೆ ಎರಡೂವರೆ.

ಗೇಟಿನ ಅಳತೆ ಮೊದಲು ತೆಗೆಯಿರಿ. 1.7 ಟನ್ನಿನ ಎಷ್ಟೋ ಗಾಡಿಗಳ ಚೈನನ್ನು ಒಳಗೆ ಎಳೆದುಕೊಂಡರೆ 1 ಮೀಟರ್ ಸಂದಿಯಲ್ಲಿ ತೂರುತ್ತವೆ, ಒಳಗೆ ಹೋದ ಮೇಲೆ ಮತ್ತೆ ಅಗಲಿಸಬೇಕು. ಅಗಲಿಸದೆ ಅಗೆಯಲೇಬೇಡಿ, ಪಕ್ಕಕ್ಕೆ ವಾಲುತ್ತದೆ. ತಿರುಗುವಾಗ ಹಿಂಭಾಗ ಚೈನಿನಿಂದ ಹೊರಗೆ ಬಾರದ ಮಾದರಿ ಸಿಕ್ಕರೆ ಗೋಡೆ ಪಕ್ಕದ ಕೆಲಸಕ್ಕೆ ಅದೇ ಒಳ್ಳೆಯದು. ಚರಂಡಿಗೆ ಹಲ್ಲಿನ ಬಕೆಟ್, ಕೊನೆಗೆ ಮಣ್ಣು ಸಮ ಮಾಡಲು ಹಲ್ಲಿಲ್ಲದ ಅಗಲ ಬಕೆಟ್, ಎರಡನ್ನೂ ಕೇಳಿ ತನ್ನಿ.

ಮಣ್ಣಿನ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. ಚರಂಡಿ ಒಂದೇ 40 ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 1 ಮೀಟರ್ ಆಳ ಅಂದರೆ 18 ಘನ ಮೀಟರ್. ಅಗೆದ ಮಣ್ಣು ಸಡಿಲವಾಗಿ ಕಾಲು ಭಾಗ ಉಬ್ಬುತ್ತದೆ, ಅಂದರೆ 22.5 ಘನ ಮೀಟರ್ ರಾಶಿ. ಅದನ್ನು ಎಲ್ಲಿ ಹಾಕುತ್ತೀರಿ? ಇದನ್ನು ನಿರ್ಧರಿಸದೆ ಶುರು ಮಾಡಿದರೆ ಒಂದೇ ಮಣ್ಣನ್ನು ಎರಡೆರಡು ಸಲ ಎತ್ತಿ ಹಾಕಬೇಕಾಗುತ್ತದೆ. ಬಾಡಿಗೆ ಅದರಲ್ಲೇ ಕರಗುತ್ತದೆ.

ಈಗ ಓಡಿಸೋದು. ಹತ್ತಿ ಕೂತ ತಕ್ಷಣ ಲಿವರ್ ಯಾವ ಜೋಡಣೆಯಲ್ಲಿದೆ ನೋಡಿ. ಎರಡು ಪದ್ಧತಿ ಇವೆ. ಒಂದರಲ್ಲಿ ಎಡಗೈ ಲಿವರ್ ಮೇಲ್ಭಾಗವನ್ನು ತಿರುಗಿಸುತ್ತದೆ, ಬಕೆಟ್ ಹಿಡಿದ ಮುಂಗೈಯನ್ನು, ಅಂದರೆ ಆರ್ಮನ್ನು, ಚಾಚಿ ಎಳೆಯುತ್ತದೆ. ಬಲಗೈ ಲಿವರ್ ಗಾಡಿಗೆ ಸೇರಿದ ದೊಡ್ಡ ತೋಳನ್ನು, ಅಂದರೆ ಬೂಮನ್ನು, ಎತ್ತಿ ಇಳಿಸುತ್ತದೆ, ಬಕೆಟ್ ಮಡಿಸುತ್ತದೆ. ಇದಕ್ಕೆ ಐಎಸ್‌ಒ ಅನ್ನುತ್ತಾರೆ. ಇನ್ನೊಂದು ಎಸ್‌ಎಇ, ಅದರಲ್ಲಿ ಆರ್ಮ್ ಮತ್ತು ಬೂಮ್ ಅದಲು ಬದಲು. ಎಷ್ಟೋ ಗಾಡಿಗಳಲ್ಲಿ ಸೀಟಿನ ಹತ್ತಿರವೋ ಹಿಂದೆಯೋ ಇರುವ ಒಂದು ವಾಲ್ವ್ ತಿರುಗಿಸಿದರೆ ಬದಲಾಗುತ್ತದೆ. ಹಿಂದೆ ಬಾಡಿಗೆಗೆ ಒಯ್ದವರು ಯಾವುದರಲ್ಲಿ ಬಿಟ್ಟಿದ್ದಾರೋ ಗೊತ್ತಿರುವುದಿಲ್ಲ. ಬಯಲಲ್ಲಿ ನಿಂತು ನಿಧಾನಕ್ಕೆ ಒಂದೊಂದೇ ಲಿವರ್ ಆಡಿಸಿ. ಆಮೇಲೇ ಗೋಡೆ ಹತ್ತಿರ ಹೋಗಿ.

ಅಗೆಯುವಾಗ ಮುಂದಿನ ಬ್ಲೇಡನ್ನು, ಅಂದರೆ ಮಣ್ಣು ತಳ್ಳುವ ಅಗಲ ತಗಡನ್ನು, ನೆಲಕ್ಕೆ ಒತ್ತಿ. ಚೈನ್ ಎಳೆಯುವ ಹಲ್ಲುಚಕ್ರ ನಿಮ್ಮ ಹಿಂದೆ ಇರಲಿ. ಅದು ಮುಂದೆ ಬಂದಿದೆ ಅಂದರೆ ನೀವು ತಿರುಗಿ ಕೂತಿದ್ದೀರಿ ಅಂತ ಅರ್ಥ. ಆಗ ಮುಂದಕ್ಕೆ ಒತ್ತಿದ ಲಿವರ್ ಗಾಡಿಯನ್ನು ಹಿಂದಕ್ಕೆ ಒಯ್ಯುತ್ತದೆ. ಗುಂಡಿ ಅಂಚಿನಲ್ಲಿ ಹೀಗೆ ದಿಕ್ಕು ತಪ್ಪಿದರೆ ಗಾಡಿ ಗುಂಡಿಗೇ ಬೀಳುತ್ತದೆ.

ಒಂದೇ ಸಲಕ್ಕೆ ಆಳಕ್ಕೆ ಚುಚ್ಚಬೇಡಿ. ತೆಳುವಾಗಿ, ಉದ್ದಕ್ಕೆ, ದೋಸೆ ಎಬ್ಬಿಸಿದ ಹಾಗೆ ಪದರ ಪದರವಾಗಿ ಎಳೆಯಿರಿ. ಆರ್ಮ್ ಎಳೆಯುತ್ತಾ ಬಕೆಟ್ ಸ್ವಲ್ಪ ಸ್ವಲ್ಪ ಮಡಿಸುತ್ತಾ ಬನ್ನಿ. ಇಂಜಿನ್ ಉಸಿರುಗಟ್ಟಿದ ಸದ್ದು ಬಂತು ಅಂದರೆ ಜಾಸ್ತಿ ಕಚ್ಚಿದ್ದೀರಿ. ಬಕೆಟ್ಟನ್ನು ಪಕ್ಕಕ್ಕೆ ಬೀಸಿ ಕಲ್ಲು ತಳ್ಳುವುದು, ಗೋಡೆ ಕೆಡವುವುದು ಬೇಡವೇ ಬೇಡ. ತಿರುಗಿಸುವ ಮೋಟರು, ಗೇರು ಆ ಏಟಿಗೆ ಮಾಡಿದ್ದಲ್ಲ. ಬೊಡ್ಡೆಯನ್ನೂ ಎಳೆದು ಕೀಳಲು ಹೋಗಬೇಡಿ, 2 ಟನ್ನಿನ ಗಾಡಿ ತಾನೇ ಮಗುಚುತ್ತದೆ. ಸುತ್ತಲೂ ಅಗೆದು, ಒಂದೊಂದೇ ಬೇರು ಕತ್ತರಿಸಿ, ಕೊನೆಗೆ ಅಡಿಯಿಂದ ಎಬ್ಬಿಸಿ. ನಿಧಾನ ಆಗುತ್ತದೆ, ಆಗಲಿ.

ತುಂಬಿದ ಬಕೆಟ್ ಪಕ್ಕಕ್ಕೆ ಚಾಚಿದಾಗಲೇ ಮಗುಚುವ ಭಯ ಜಾಸ್ತಿ. ಚೈನಿನ ಉದ್ದದಷ್ಟು ಅಗಲ ಇರುವುದಿಲ್ಲ ಅಲ್ವಾ. ಇಳಿಜಾರಿನಲ್ಲಿ ಅಡ್ಡ ಓಡಿಸಬೇಡಿ, ನೇರ ಹತ್ತಿ, ನೇರ ಇಳಿಯಿರಿ, ಬಕೆಟ್ ನೆಲಕ್ಕೆ ಒಂದಡಿ ಹತ್ತಿರ ಇರಲಿ. ಬೆಲ್ಟ್ ಹಾಕಿಯೇ ಕೂರಿ. ಮಗುಚುತ್ತಿದೆ ಅನ್ನಿಸಿದರೆ ಹಾರಬೇಡಿ, ಹಾರಿದವರ ಮೇಲೆ ಗಾಡಿ ಬೀಳುವುದುಂಟು. ಮೇಲಿನ ಕರೆಂಟ್ ತಂತಿಯಿಂದ ಕನಿಷ್ಠ 3 ಮೀಟರ್ ದೂರ, ದೊಡ್ಡ ಲೈನ್ ಆದರೆ ಇನ್ನೂ ದೂರ. ನೆಲದಡಿಯ ಕೇಬಲ್, ನೀರಿನ ಪೈಪು, ಗ್ಯಾಸ್ ಪೈಪು ಎಲ್ಲಿದೆ ಅಂತ ಸಂಬಂಧಪಟ್ಟವರನ್ನು ಕೇಳಿ ಗುರುತು ಹಾಕಿಸಿ. ಆ ಗುರುತಿನ ಹತ್ತಿರ ಹಾರೆ, ಸನಿಕೆಯಲ್ಲೇ ಕೆಲಸ.

ಅಕ್ಕಾ, ನೀನು ಕೇಳಿದ್ದು ಸರಿ. ಆದರೆ ನನಗೆ ಗಾಡಿಗಿಂತ ಗುಂಡಿಯ ಭಯ ಜಾಸ್ತಿ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಮೇಲೆ ತೂಗುತ್ತದೆ. ಗೋಡೆ ಕುಸಿಯುವ ಮೊದಲು ಸದ್ದು ಮಾಡುವುದಿಲ್ಲ. ಎದೆ ಮಟ್ಟಕ್ಕೆ ಹೂತರೂ ಸಾಕು, ಮಣ್ಣಿನ ಭಾರಕ್ಕೆ ಎದೆ ಹಿಗ್ಗುವುದಿಲ್ಲ, ತಲೆ ಹೊರಗಿದ್ದೂ ಉಸಿರು ನಿಲ್ಲುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮದಲ್ಲಿ 5 ಅಡಿ, ಅಂದರೆ ಒಂದೂವರೆ ಮೀಟರ್ ಆಳ ಆಯಿತು ಅಂದರೆ ಗಟ್ಟಿ ಬಂಡೆ ಹೊರತು ಎಲ್ಲ ಕಡೆ ಗೋಡೆಗೆ ಆಸರೆ ಕೊಡಬೇಕು ಅಥವಾ ಇಳಿಜಾರು ಮಾಡಬೇಕು. ಅಗೆದ ಮಣ್ಣು ಅಂಚಿನಿಂದ 2 ಅಡಿ ಆಚೆಗಿರಬೇಕು. ಯಾವ ದೇಶದ ಮಣ್ಣಾದರೂ ಭಾರ ಅಷ್ಟೇ. ಭಾವನ ಗುಂಡಿ 2 ಮೀಟರ್. ತಳ ಸಮ ಮಾಡಲು, ಬಿದ್ದ ಸಲಿಕೆ ಎತ್ತಲು, ಅಳತೆ ನೋಡಲು ಅಂತ ಯಾರೂ ಒಳಗೆ ಇಳಿಯಬಾರದು. ಅಳತೆಗೆ ಮೇಲಿಂದಲೇ ಉದ್ದ ಕೋಲು ಇಳಿಬಿಡಿ. ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ಅಂಚಿನ ಹತ್ತಿರವೂ ಹೋಗಬೇಡಿ. ಗುಂಡಿ ಮುಚ್ಚುವವರೆಗೆ ಸುತ್ತ ಬೇಲಿ ಇರಲಿ. ಮಕ್ಕಳಿಗೆ ಗಾಡಿ ನೋಡುವ ಆಸೆ ಇರುತ್ತದೆ, ಮಹಡಿ ಮೇಲಿಂದ ನೋಡಲಿ.

ಗಾಡಿ ನಿಮ್ಮ ಹತ್ತಿರ ಇರುವಷ್ಟು ದಿನ ಆರೈಕೆ ನಿಮ್ಮದೇ. ಬೆಳಿಗ್ಗೆ ಸಮ ನೆಲದಲ್ಲಿ ನಿಲ್ಲಿಸಿ ಇಂಜಿನ್ ಆಯಿಲ್, ಕೂಲೆಂಟ್, ಹೈಡ್ರಾಲಿಕ್ ಆಯಿಲ್ ನೋಡಿ. ಹೈಡ್ರಾಲಿಕ್ ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಓಡಿಸದೆ ಮಾಲೀಕರಿಗೆ ಹೇಳಿ. ಬೂಮ್, ಆರ್ಮ್, ಬಕೆಟ್ ಪಿನ್ನುಗಳಿಗೆ ದಿನಾ ಗ್ರೀಸ್ ಹೊಡೆಯಿರಿ, ಹಳೆಯದು ಹೊರಗೆ ಬರುವಷ್ಟು. ಸಂಜೆ ಚೈನಿನೊಳಗಿನ ಮಣ್ಣು ತೆಗೆಯಿರಿ, ಒಣಗಿ ಗಟ್ಟಿಯಾದರೆ ರೋಲರ್ ಸವೆಯುತ್ತದೆ. ಡೀಸೆಲ್ ಟ್ಯಾಂಕ್ ಸಂಜೆಯೇ ತುಂಬಿಸಿ, ಖಾಲಿ ಜಾಗದಲ್ಲಿ ರಾತ್ರಿ ನೀರು ಕಟ್ಟುತ್ತದೆ. ಇಳಿಯುವ ಮುಂಚೆ ಬಕೆಟ್ ನೆಲಕ್ಕೆ, ಲಾಕ್ ಲಿವರ್ ಮೇಲಕ್ಕೆ, ಕೀ ಜೇಬಿಗೆ.

ಎರಡು ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಹೋಸಿನಲ್ಲಿ ಆಯಿಲ್ ಜಿನುಗುತ್ತಿದ್ದರೆ ಬೆರಳಿಟ್ಟು ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು, ತಡವಾದರೆ ಬೆರಳೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಇನ್ನೊಂದು, ಚೈನ್ ಬಿಗಿ ಸಡಿಲಿಸುವ ಗ್ರೀಸ್ ವಾಲ್ವ್. ಒಳಗೆ ಭಾರೀ ಒತ್ತಡ ಇರುತ್ತದೆ, ಪೂರ್ತಿ ಬಿಚ್ಚಿದರೆ ಜೋರಾಗಿ ಸಿಡಿದು ಹಾರುತ್ತದೆ. ಅದನ್ನು ಬಾಡಿಗೆ ಕೊಟ್ಟವರೇ ಮಾಡಲಿ.

ಮುಂದೆ ಎಂದಾದರೂ ಹಳೆಯದು ಕೊಳ್ಳುವ ಮನಸ್ಸಾದರೆ ಗಾಡಿ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ಒಂದನ್ನೇ ನಂಬಬೇಡಿ. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಬಕೆಟ್ ನೆಲಕ್ಕೆ ಒತ್ತಿ ಪಿನ್ನುಗಳಲ್ಲಿ ಎಷ್ಟು ಆಟ ಇದೆ ನೋಡಿ. ಬೂಮ್ ಎತ್ತಿ ಇಂಜಿನ್ ಆಫ್ ಮಾಡಿ, ದೂರ ನಿಂತು ಗಮನಿಸಿ: ಬೇಗ ಬೇಗ ಇಳಿದರೆ ಒಳಗೆ ಸೋರಿಕೆ ಇದೆ. ನೇರ ಓಡಿಸಿದಾಗ ಒಂದು ಕಡೆಗೆ ಎಳೆಯುತ್ತಿದ್ದರೆ ಆ ಕಡೆಯ ಮೋಟರೋ ಚೈನೋ ಸವೆದಿರಬಹುದು. ಹಳೆ ಗಾಡಿಗೆ ಬಣ್ಣ ಹೊಸದು, ಪಿನ್ ಸಡಿಲ ಅಂದರೆ ನಾನಂತೂ ವಾಪಸ್ ಬರುತ್ತೇನೆ.

ಸದ್ಯಕ್ಕೆ ಭಾವ, ಗೇಟಿನ ಅಗಲ, ಮನೆ ಪಕ್ಕದ ಸಂದಿಯ ಅಗಲ, ಹಿಂದಿನ ಜಾಗದ ಎರಡು ಫೋಟೋ ಗ್ರೂಪಿಗೆ ಹಾಕಿ. ತಂತಿ ಮೇಲೆ ಹಾದುಹೋಗಿದ್ದರೆ ಅದೂ ಫೋಟೋದಲ್ಲಿ ಕಾಣಲಿ. ನೋಡಿ, ಯಾವ ಟನ್ನಿನದು ಕೇಳಬೇಕು ಅಂತ ಖಚಿತವಾಗಿ ಹೇಳುತ್ತೇನೆ. ಮೊದಲ ದಿನ ಆಪರೇಟರ್ ಸಮೇತ ತರಿಸಿ, ಇಂಗುಗುಂಡಿ ಅವರಿಂದಲೇ ಆಗಲಿ. ಚರಂಡಿ ನೀವು ಅಗೆಯಿರಿ.