ಅಪ್‌ಡೇಟ್: ಅಮ್ಮನ ಮಲಬದ್ಧತೆಯ ಬಗ್ಗೆ ವೈದ್ಯರು ಹೇಳಿದ್ದು

ಹೊಸನಗರದ ಕಡೆಯ ಹಳ್ಳಿಯಲ್ಲಿರುವ 63 ವರ್ಷದ ನಮ್ಮ ಅಮ್ಮನಿಗೆ ಕೆಲವು ತಿಂಗಳಿಂದ ವಾರಕ್ಕೆ ಎರಡು ಬಾರಿಯಷ್ಟೇ, ಅದೂ ಬಹಳ ತಿಣುಕಿದ ಮೇಲೆ ಮಲವಿಸರ್ಜನೆ ಆಗುತ್ತಿದೆ, ನಿತ್ಯ ಸೋನಾಮುಖಿ (ಭೇದಿ ಮಾಡಿಸುವ ಗಿಡಮೂಲಿಕೆ) ಪುಡಿ ಕೊಡಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ ಎಂದ ಸಲಹೆಯೇ ಎಲ್ಲಕ್ಕಿಂತ ಉಪಕಾರವಾಯಿತು.

ಶಿವಮೊಗ್ಗದ ವೈದ್ಯರು ಮಾತ್ರೆಯ ಚೀಲವನ್ನು ಮೇಜಿನ ಮೇಲೆ ಸುರಿದು, ಒಂದೊಂದನ್ನೇ ತಿರುಗಿಸಿ ಓದಿ, ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಬೇರೆ ಇಟ್ಟರು. ಎರಡರಿಂದಲೂ ಮಲಬದ್ಧತೆ ಬರಬಹುದಂತೆ. ಆದರೆ ಅಷ್ಟಕ್ಕೇ ಬಿಡಲಿಲ್ಲ. ಈ ವಯಸ್ಸಿನಲ್ಲಿ ಮಲವಿಸರ್ಜನೆಯ ಅಭ್ಯಾಸ ಹೊಸದಾಗಿ ಬದಲಾಗಿ, ಜೊತೆಗೆ ರಕ್ತಹೀನತೆಯೂ ಇರುವಾಗ ದೊಡ್ಡ ಕರುಳನ್ನು ನೋಡಲೇಬೇಕು ಎಂದು ಕೊಲೊನೋಸ್ಕೋಪಿ (ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ತೂರಿಸಿ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿದರು. ಗಡ್ಡೆಯೇನೂ ಇಲ್ಲವೆಂದು ತಿಳಿದಾಗ ನಮಗೆಲ್ಲ ಜೀವ ಬಂದಂತಾಯಿತು. ಥೈರಾಯ್ಡ್ ಕಡಿಮೆಯಾದರೂ ಮಲಬದ್ಧತೆ ಬರಬಹುದಂತೆ; ಅದು ಕೂಡ ಸರಿಯಿದೆ.

ಮಳೆಗಾಲದಲ್ಲಿ ಬಾಯಾರಿಕೆಯೇ ಆಗದೆ ಅಮ್ಮ ನೀರು ಕುಡಿಯುವುದು ತೀರಾ ಕಡಿಮೆ. ಸಾಕಷ್ಟು ನೀರಿಲ್ಲದೆ ಇಸಬ್ಗೋಲ್ (ಮಲಬದ್ಧತೆಗೆ ಬಳಸುವ ನಾರಿನ ಹೊಟ್ಟು) ತೆಗೆದುಕೊಂಡರೆ ತೊಂದರೆ ಹೆಚ್ಚಬಹುದೆಂದು ವೈದ್ಯರು ಎಚ್ಚರಿಸಿದರು. ಸದ್ಯ ಮಲದಲ್ಲಿ ನೀರಿನಂಶ ಉಳಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ನೀರಿನಲ್ಲಿ ಕದಡಿ ಕೊಡುತ್ತಿದ್ದೇವೆ. ಊಟ ತಿಂಡಿಯ ನಂತರ ಕರುಳಿನ ಚಲನೆ ಸಹಜವಾಗಿ ಹೆಚ್ಚುವುದರಿಂದ, ಬೆಳಗಿನ ತಿಂಡಿಯಾದ ಮೇಲೆ ಅವಸರವಿಲ್ಲದೆ ಕಮೋಡಿನಲ್ಲಿ ಕೂರುತ್ತಾರೆ. ಮಂಡಿ ಸೊಂಟಕ್ಕಿಂತ ಮೇಲಿರುವಂತೆ ಕಾಲಡಿಗೆ ಎತ್ತರದ ಮಣೆ ಇಟ್ಟಿದ್ದೇವೆ. ತಿಣುಕುವುದು ಬಹುಮಟ್ಟಿಗೆ ನಿಂತಿದೆ. ರಕ್ತಹೀನತೆಗೆ ಕಾರಣ ಹುಡುಕುವ ಪರೀಕ್ಷೆಗಳು ಇನ್ನೂ ನಡೆಯುತ್ತಿವೆ.