ಅಪ್ಪನ ಸಿಜಿಎ ಕಾಲದ ಜಾತಕ ಪ್ರೋಗ್ರಾಂ: ವಿಜಿಎ ಕಾರ್ಡ್‌ನಲ್ಲಿ ಬಣ್ಣ ಅದಲುಬದಲು, ಗಣಪತಿ ಮಿಣುಕುತ್ತಿದ್ದಾನೆ

ಹಳೇಪೆಟ್ಟಿಗೆ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಅಪ್ಪ 1989ರಲ್ಲಿ ಟರ್ಬೊ ಸಿಯಲ್ಲಿ ಒಂದು ಜಾತಕ ಪ್ರೋಗ್ರಾಂ ಬರೆದಿದ್ದರು. ಆಗ ಮನೆಯಲ್ಲಿದ್ದದ್ದು ಸಿಜಿಎ ಕಾರ್ಡ್ (ಪರದೆಗೆ ಬಣ್ಣದ ಚಿತ್ರ ಕಳಿಸುವ ಹಳೇ ಕಾರ್ಡ್) ಇದ್ದ ಎಕ್ಸ್‌ಟಿ ಕ್ಲೋನ್. ಅದು ಗುಜರಿಗೆ ಹೋಗಿ ಎಷ್ಟೋ ವರ್ಷ ಆಯಿತು. ಫ್ಲಾಪಿ ಮಾತ್ರ ಬೀರುವಿನಲ್ಲಿ ಉಳಿದಿತ್ತು, ಅದೃಷ್ಟಕ್ಕೆ ಓದಲೂ ಬಂತು. ಹೋದ ವಾರ ಎಸ್‌ಪಿ ರೋಡ್‌ನಲ್ಲಿ ವಿಜಿಎ ಕಾರ್ಡ್ (ಸಿಜಿಎ ಆದಮೇಲೆ ಬಂದದ್ದು) ಇರುವ 486 ಕಂಪ್ಯೂಟರ್ ಸಿಕ್ಕಿತು. ಅಪ್ಪನಿಗೆ ತೋರಿಸೋಣ ಅಂತ ಹಾಕಿದೆ.

ಶುರುವಿನಲ್ಲಿ ಬರುವ 16 ಬಣ್ಣದ ಗಣಪತಿ ಚಿತ್ರ ಪರದೆಯ ಮೇಲಿನ ಅರ್ಧಕ್ಕೆ ಕುಗ್ಗಿದೆ. ಕೆಳಗೆಲ್ಲಾ ಕಸ. ಜೊತೆಗೆ ಹೊಟ್ಟೆ, ಕಿರೀಟ ಎಲ್ಲಾ ಮಿಣಮಿಣ ಅನ್ನುತ್ತಿವೆ. ಒಂದು ಕೀ ಒತ್ತಿದರೆ ಕುಂಡಲಿ ಬರುತ್ತದೆ. ಗೆರೆ, ಅಕ್ಷರ ಎಲ್ಲಾ ಜಾಗದಲ್ಲೇ ಇವೆ. ಆದರೆ ಹಸಿರು, ಕೆಂಪು, ಹಳದಿ ಇರಬೇಕಾದ ಕಡೆ ತಿಳಿನೀಲಿ, ಗುಲಾಬಿ, ಬಿಳಿ ಬರುತ್ತಿವೆ. ವಿಜಿಎಯಲ್ಲಿ ಹಿಂದಿನದೆಲ್ಲಾ ನಡೆಯುತ್ತದೆ ಅಂತ ಕೇಳಿದ್ದೆ, ಹಾಗಲ್ವಾ? ಸೋರ್ಸ್ ಕೋಡ್ ಇದೆ.

ವೈರ್‌ಮ್ಯಾನ್

ಕೇಬಲ್ ನೋಡಿ ಗುರು. ಒಂದು ಪಿನ್ ಬಾಗಿದ್ದರೂ ಬಣ್ಣ ಹೀಗೇ ಕೆಡುತ್ತದೆ. ಇಲ್ಲಾಂದ್ರೆ ನನ್ನ ಹತ್ತಿರ ಹಳೇ ಸಿಜಿಎ ಮಾನಿಟರ್ ಇದೆ. 9 ಪಿನ್‌ನಿಂದ 15 ಪಿನ್‌ಗೆ ಕನ್ವರ್ಟರ್ ಹಾಕಿ ನೋಡೋಣ.

ಸೋಲ್ಡರ್ ಮಾಮ

ಆ ಮಾನಿಟರ್ ಮಾತ್ರ ಚುಚ್ಚಬೇಡಿ! ಸಿಜಿಎ ಮಾನಿಟರ್‌ಗೆ ಬೇಕಾದದ್ದು 15.7 ಕಿಲೋಹರ್ಟ್ಸ್‌ನ ಡಿಜಿಟಲ್ ಸಿಗ್ನಲ್. ವಿಜಿಎ ಕೊಡುವುದು 31.5 ಕಿಲೋಹರ್ಟ್ಸ್‌ನ ಅನಲಾಗ್. ಪಿನ್ ಕನ್ವರ್ಟರ್ ಪಿನ್ನನ್ನಷ್ಟೇ ಬದಲಿಸುತ್ತದೆ, ಸಿಗ್ನಲ್ ಅಲ್ಲ. ಹಳೇ ಮಾನಿಟರ್ ಸುಮ್ನೆ ಸುಟ್ಟುಹೋದರೆ ಹೊಟ್ಟೆ ಉರಿಯುತ್ತದೆ.

ಕೇಬಲ್ ಕೂಡ ಸರಿಯಾಗೇ ಇದೆ. ಬಿಳಿ ಬಿಳಿಯಾಗೇ ಕಾಣುತ್ತಿದೆ ಅಂದರೆ ಮೂರು ಬಣ್ಣದ ತಂತಿಯೂ ಕೆಲಸ ಮಾಡುತ್ತಿವೆ.

ನಿಮ್ಮ ತಂದೆ ಬಯಾಸ್ (ಹಾರ್ಡ್‌ವೇರ್ ನಡೆಸಲು ಯಂತ್ರದಲ್ಲೇ ಇರುವ ಪ್ರೋಗ್ರಾಂ) ಬಿಟ್ಟು ನೇರ ಕಾರ್ಡ್‌ನ ಪೋರ್ಟ್‌ಗೆ (ಕಾರ್ಡ್‌ಗೆ ಆಜ್ಞೆ ಕೊಡುವ ವಿಳಾಸ) ಬರೆದಿದ್ದಾರೆ, ಅದೇ ಸಮಸ್ಯೆ. ತಪ್ಪು ಅಂತ ಹೇಳುತ್ತಿಲ್ಲ. 4.77 ಮೆಗಾಹರ್ಟ್ಸ್ ಯಂತ್ರದಲ್ಲಿ ಬಯಾಸ್ ನಂಬಿ ಕೂತರೆ ಚಿತ್ರ ಬರುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಆಗ ಎಲ್ಲರೂ ಹೀಗೇ ಬರೆಯುತ್ತಿದ್ದರು.

1981ರ ಸಿಜಿಎಯಲ್ಲಿ ಇದ್ದದ್ದು ಮೊಟೊರೊಲಾ 6845 ಚಿಪ್. 1984ರ ಇಜಿಎ, 1987ರ ವಿಜಿಎಯಲ್ಲಿ ಐಬಿಎಂ ಅದನ್ನು ಬಿಟ್ಟು ಬೇರೆ ಮಾಡಿಕೊಂಡಿತು. ಬಯಾಸ್ ಕರೆಗಳು ಹಾಗೇ ಉಳಿದವು. ಬಿ8000 ವಿಳಾಸದ ಮೆಮೊರಿ, ಸಮ ಸಾಲು ಮೊದಲು, ಬೆಸ ಸಾಲು 8 ಕೆಬಿ ಆಚೆ ಅನ್ನುವ ಆ ವಿಚಿತ್ರ ಜೋಡಣೆ, ಅವೂ ಉಳಿದವು. ನಿಮ್ಮ ಕುಂಡಲಿಯ ಗೆರೆ ಜಾಗದಲ್ಲೇ ಇರುವುದು ಅದಕ್ಕೇ. ಆದರೆ ಬಣ್ಣ ಆರಿಸುವ 3ಡಿ9 ಪೋರ್ಟ್ ಹೋಯಿತು. ಅಲ್ಲಿಗೆ ಬರೆದದ್ದು ಖಾಲಿ ಮನೆ ಬಾಗಿಲು ತಟ್ಟಿದ ಹಾಗೆ. ಬಯಾಸ್ ಮೊದಲೇ ಇಟ್ಟ ತಿಳಿನೀಲಿ, ಗುಲಾಬಿ, ಬಿಳಿ ಹಾಗೇ ಉಳಿಯುತ್ತವೆ.

ಕೋಡ್‌ನಲ್ಲಿ 3ಡಿ9ಗೆ ಬರೆಯುವ ಸಾಲು ಹುಡುಕಿ ತೆಗೆಯಿರಿ. ಅಲ್ಲಿ ಇಂಟರಪ್ಟ್ 10ಎಚ್ (ಬಯಾಸ್‌ನ ವಿಡಿಯೊ ಕರೆ) ಎರಡು ಸಲ ಕರೆಯಿರಿ. ಎರಡರಲ್ಲೂ ಪ್ರೊಸೆಸರ್ ರಿಜಿಸ್ಟರ್ ಎಎಚ್‌ನಲ್ಲಿ 0ಬಿ, ಬಿಎಲ್‌ನಲ್ಲಿ 0. ಮೊದಲ ಸಲ ಬಿಎಚ್ 0, ಎರಡನೇ ಸಲ 1. ಮೊದಲನೆಯದನ್ನು ಬಿಟ್ಟರೆ ಗಿಳಿಹಸಿರು ಬಂದು ಕಣ್ಣು ಕುಕ್ಕುತ್ತದೆ.

ಗಣಪತಿ ಕಥೆ ಇನ್ನೂ ಮಜಾ. ಸಿಜಿಎ ಗ್ರಾಫಿಕ್ಸ್‌ನಲ್ಲಿ 16 ಬಣ್ಣ ಒಟ್ಟಿಗೆ ಬರುತ್ತಿರಲಿಲ್ಲ. ಅದಕ್ಕೆ ಟೆಕ್ಸ್ಟ್ ಮೋಡ್‌ನಲ್ಲಿ ಅಕ್ಷರದ ಎತ್ತರವನ್ನು 2 ಗೆರೆಗೆ ಇಳಿಸಿ, ಅರ್ಧ ತುಂಬಿದ ಅಕ್ಷರ 222ನ್ನು ಪರದೆ ತುಂಬಾ ಹಾಕಿ, 160 x 100 ಚಿತ್ರ ಮಾಡುತ್ತಿದ್ದರು. ಸಿಜಿಎಯಲ್ಲಿ ಇರುವುದು 200 ಗೆರೆ, ಅಂದರೆ 100 ಸಾಲು. ವಿಜಿಎ ಟೆಕ್ಸ್ಟ್ ಬರೆಯುವುದು 400 ಗೆರೆಯಲ್ಲಿ. ಅದೇ 2 ಗೆರೆ ಎತ್ತರ ಇಟ್ಟರೆ 200 ಸಾಲು ಆಗುತ್ತದೆ, ಚಿತ್ರ ಮೇಲಿನ ಅರ್ಧದಲ್ಲೇ ಮುಗಿಯುತ್ತದೆ. ಕಾರ್ಡ್‌ನಲ್ಲಿ ಅಕ್ಷರದ ಎತ್ತರ ಇಡುವ 9ನೇ ರಿಜಿಸ್ಟರ್‌ನ ಕೆಳಗಿನ 5 ಬಿಟ್‌ಗೆ 1ರ ಬದಲು 3 ಹಾಕಿ. ಮೇಲಿನ 3 ಬಿಟ್ ಮುಟ್ಟಬೇಡಿ. 4, 6, 7ನೇ ರಿಜಿಸ್ಟರ್‌ಗೆ ಬರೆಯುವ ಸಾಲುಗಳನ್ನು ತೆಗೆದುಹಾಕಿ. ವಿಜಿಎಯಲ್ಲಿ ಅವುಗಳ ಅರ್ಥವೇ ಬೇರೆ. ಪುಣ್ಯಕ್ಕೆ ವಿಜಿಎ ಬಯಾಸ್ ಅವಕ್ಕೆ ಬೀಗ ಹಾಕಿರುತ್ತದೆ. ಅದಕ್ಕೇ ನಿಮ್ಮ ಮಾನಿಟರ್ ಔಟ್ ಆಫ್ ರೇಂಜ್ ಅನ್ನಲಿಲ್ಲ.

ಮಿಣುಕುವುದಕ್ಕೆ ಕಾರಣ 3ಡಿ8. ಬ್ಲಿಂಕ್ ನಿಲ್ಲಿಸುವ ಬಿಟ್ ಅಲ್ಲಿತ್ತು, ವಿಜಿಎಯಲ್ಲಿ ಅದೂ ಇಲ್ಲ. ಇಂಟರಪ್ಟ್ 10ಎಚ್‌ಗೆ ಎಎಕ್ಸ್ 1003 ಹೆಕ್ಸ್, ಬಿಎಲ್ 0 ಕೊಡಿ.

ಕೋಡ್ ಮುಟ್ಟುವ ಮುಂಚೆ ಡಾಸ್‌ಬಾಕ್ಸ್‌ನಲ್ಲಿ (ಹಳೇ ಪಿಸಿಯನ್ನು ಅನುಕರಿಸುವ ಪ್ರೋಗ್ರಾಂ) ಸೆಟ್ಟಿಂಗ್‌ನ ಮೆಷಿನ್ ಸಾಲಿಗೆ ಸಿಜಿಎ ಅಂತ ಹಾಕಿ ಒಮ್ಮೆ ಓಡಿಸಿ. ಅಲ್ಲಿ ಎಲ್ಲಾ ಸರಿ ಬಂದರೆ ನಾನು ಹೇಳಿದ್ದೇ ಕಾರಣ. ಫ್ಲಾಪಿ ಕೆಟ್ಟಿದೆಯೇನೋ ಅನ್ನುವ ಅನುಮಾನವೂ ಹೋಗುತ್ತದೆ.

ಹಳೇಪೆಟ್ಟಿಗೆ

ಸಾರ್, ಡಾಸ್‌ಬಾಕ್ಸ್‌ನಲ್ಲಿ ಸಿಜಿಎ ಹಾಕಿದ ತಕ್ಷಣ ಎಲ್ಲಾ ಸರಿಯಾಗಿ ಬಂತು. ಆಮೇಲೆ 486ರಲ್ಲಿ ನೀವು ಹೇಳಿದ ಹಾಗೆ ಮಾಡಿದೆ. ಗಣಪತಿ ಪರದೆ ತುಂಬಾ ಕೂತಿದ್ದಾನೆ, ಮಿಣುಕುತ್ತಿಲ್ಲ. ಹಸಿರು, ಕೆಂಪೂ ಬಂದವು. ಆದರೆ ಲಗ್ನದ ಮನೆ ಕಂದು ಬಣ್ಣದಲ್ಲಿದೆ. ಅಪ್ಪ ಒಪ್ಪುತ್ತಿಲ್ಲ. "ಅದು ಅರಿಶಿನ ಬಣ್ಣ ಕಣೋ, ನಾನೇ ಬರೆದದ್ದು" ಅನ್ನುತ್ತಿದ್ದಾರೆ. ವಯಸ್ಸಾಯಿತು, ಮರೆತಿರಬಹುದಾ?

ಸೋಲ್ಡರ್ ಮಾಮ

ಅವರು ಮರೆತಿಲ್ಲ. ಅದು ಸಿಜಿಎಯ 6ನೇ ಬಣ್ಣ, ಲೆಕ್ಕದ ಪ್ರಕಾರ ಮಬ್ಬು ಹಳದಿ. ಐಬಿಎಂ ತನ್ನ ಮಾನಿಟರ್ ಒಳಗೆ ಆ ಒಂದು ಬಣ್ಣಕ್ಕೆ ಮಾತ್ರ ಹಸಿರನ್ನು ಅರ್ಧ ಮಾಡಿ ಕಂದು ಮಾಡಿತು. ಅಗ್ಗದ ಕ್ಲೋನ್ ಮಾನಿಟರ್‌ಗಳಲ್ಲಿ ಆ ಸರ್ಕ್ಯೂಟ್ ಇರುತ್ತಿರಲಿಲ್ಲ. ನಿಮ್ಮ ಮನೆಯದೂ ಅಂಥದ್ದೇ ಇರಬೇಕು. ವಿಜಿಎ ಐಬಿಎಂನ ಕಂದನ್ನೇ ಇಟ್ಟುಕೊಂಡಿತು.

ವಿಜಿಎಯ ಡ್ಯಾಕ್‌ನಲ್ಲಿ (ಬಣ್ಣದ ಅಂಕಿಯನ್ನು ಮಾನಿಟರ್ ಸಿಗ್ನಲ್ ಮಾಡುವ ಭಾಗ) ಬಣ್ಣ ನಾವೇ ಬದಲಿಸಬಹುದು. ಬಣ್ಣದ ಕರೆಗಳು ಮುಗಿದ ಮೇಲೆ ಇಂಟರಪ್ಟ್ 10ಎಚ್, ಎಎಕ್ಸ್ 1010 ಹೆಕ್ಸ್, ಬಿಎಕ್ಸ್ 6. ಡಿಎಚ್‌ನಲ್ಲಿ ಕೆಂಪು 42, ಸಿಎಚ್‌ನಲ್ಲಿ ಹಸಿರು 42, ಸಿಎಲ್‌ನಲ್ಲಿ ನೀಲಿ 0. ಇವು ದಶಮಾನ ಸಂಖ್ಯೆ, ಗರಿಷ್ಠ 63. ಸದ್ಯ ಅಲ್ಲಿ ಹಸಿರು 21 ಇದೆ, ಅಷ್ಟೇ ವ್ಯತ್ಯಾಸ. ಡ್ಯಾಕ್‌ನ 6ನೇ ಮನೆ ಅಂತ ಹೇಳಿ, ತಂದೆಯವರಿಗೆ ತಕ್ಷಣ ಅರ್ಥವಾಗುತ್ತದೆ.

ಹಳೇಪೆಟ್ಟಿಗೆ

42, 42, 0 ಹಾಕಿದೆ. ಹಳದಿ ಬಂತು ಸಾರ್! ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, "ಇನ್ನೊಂಚೂರು ತಿಳಿ ಇತ್ತು" ಅಂದರು. ಎರಡನ್ನೂ 48 ಮಾಡಿದೆ. ಈಗ ಪಕ್ಕದ ಮನೆಯವರ ಜಾತಕ ಹಾಕುತ್ತಾ ಕೂತಿದ್ದಾರೆ.