ಕರಾಟೆ ನಿಲುವು, ಹೆಜ್ಜೆ, ಕಾಲು ನೋವು: ಫಿಸಿಯೋ ಮೇಡಂ ಉತ್ತರ

ಫಿಸಿಯೋ: ನಾನು ಫಿಸಿಯೋಥೆರಪಿಸ್ಟ್, ಶೋಟೊಕಾನ್ ಶೈಲಿಯ ಕರಾಟೆ ಕಲಿತವಳು. ಹೆಜ್ಜೆ, ನಿಲುವಿನ ಬಗ್ಗೆ ಕೇಳಿ. ಎಷ್ಟು ದಿನದಿಂದ ನೋವು, ಎಲ್ಲಿ ನೋವು ಅಂತ ಸರಿಯಾಗಿ ಬರೆಯಿರಿ.

ವೈಟ್ ಬೆಲ್ಟ್: ಝೆನ್‌ಕುತ್ಸು-ದಾಚಿಯಲ್ಲಿ (ಮುಂದಿನ ಮಂಡಿ ಬಗ್ಗಿಸಿ ನಿಲ್ಲುವ ಉದ್ದ ನಿಲುವು) ಮುಂದೆ ಹೆಜ್ಜೆ ಇಟ್ಟಾಗಲೆಲ್ಲ ಪಕ್ಕಕ್ಕೆ ವಾಲುತ್ತೇನೆ ಮೇಡಂ.

ಫಿಸಿಯೋ: ನಿಮ್ಮ ಎರಡೂ ಪಾದ ಒಂದೇ ಗೆರೆ ಮೇಲೆ ಬೀಳುತ್ತಿರಬಹುದು, ಅದಕ್ಕೇ ವಾಲುತ್ತೀರಿ. ನಡುವೆ ಭುಜದಷ್ಟು ಅಗಲ ಬಿಡಿ. ಹಿಂದಿನ ಕಾಲು ನಿಂತ ಕಾಲಿನ ಪಕ್ಕಕ್ಕೆ ಬಂದು, ಅಲ್ಲಿಂದ ಹೊರಕ್ಕೆ ಬಳಸಿ ಮುಂದೆ ಹೋಗಲಿ. ಹೆಜ್ಜೆಯ ಮಧ್ಯೆ ನಿಂತ ಕಾಲಿನ ಮಂಡಿ ನೆಟ್ಟಗಾಗಬಾರದು. ನೆಟ್ಟಗಾದರೆ ತಲೆ ಮೇಲೇಳುತ್ತದೆ.

ಬ್ಲೂ ಬೆಲ್ಟ್: ಮಂಡಿ ನೋವಿಗೆ ಯಾವ ಎಣ್ಣೆ ಒಳ್ಳೇದು?

ಫಿಸಿಯೋ: ಎಲ್ಲಿ, ಎಷ್ಟು ದಿನದಿಂದ?

ಹುಬ್ಬಳ್ಳಿ ಅಮ್ಮ: ನಮ್ಮ ಮಗನಿಗೆ 13 ವರ್ಷ ರೀ. ಸ್ವಲ್ಪ ದಪ್ಪ ಇದ್ದಾನೆ. ಒಂದು ತಿಂಗಳಿಂದ ಎಡ ಮಂಡಿ, ತೊಡೆ ನೋವು ಅಂತಾನೆ. ಮಂಡಿ ಎಕ್ಸ್‌ರೇ ನಾರ್ಮಲ್. ಹೆಜ್ಜೆ ಇಟ್ಟರೆ ಎಡಪಾದ ಹೊರಗೆ ತಿರುಗುತ್ತದೆ. ಕರಾಟೆ ಸರ್ 'ಪಾದ ನೇರ ಇಡು' ಅಂತ ಕಿಬಾ-ದಾಚಿಯಲ್ಲಿ (ಕುದುರೆ ಸವಾರನ ಹಾಗೆ ಕಾಲು ಅಗಲಿಸಿ ನಿಲ್ಲೋದು) ನಿಲ್ಲಿಸ್ತಾರೆ.

ಫಿಸಿಯೋ: ನಡೆಯುವಾಗ ಕುಂಟುತ್ತಾನಾ?

ಹುಬ್ಬಳ್ಳಿ ಅಮ್ಮ: ಹೌದು ರೀ, ಸಂಜೆ ಜಾಸ್ತಿ.

ಫಿಸಿಯೋ: ಅಮ್ಮಾ, ಇದು ನಿಲುವಿನ ತಪ್ಪಲ್ಲ ಅನ್ನಿಸುತ್ತಿದೆ. ಈ ವಯಸ್ಸಿನಲ್ಲಿ, ಅದರಲ್ಲೂ ತೂಕ ಇರುವ ಮಕ್ಕಳಲ್ಲಿ, ತೊಡೆಮೂಳೆಯ ಮೇಲ್ತುದಿಯ ಗುಂಡು ಬೆಳವಣಿಗೆಯ ಜಾಗದಲ್ಲಿ ಜಾರುವುದುಂಟು. ತೊಂದರೆ ಹಿಪ್ ಜಾಯಿಂಟಿನಲ್ಲಿ, ನೋವು ಮಂಡಿಯಲ್ಲಿ. ಅದಕ್ಕೇ ಮಂಡಿ ಎಕ್ಸ್‌ರೇ ನಾರ್ಮಲ್ ಬರಬಹುದು. ಕಾಲು ಒಳಕ್ಕೆ ತಿರುಗುವುದೇ ಕಷ್ಟ, ಹಾಗಾಗಿ ಪಾದ ಹೊರಗೆ ಹೋಗುತ್ತದೆ. ಒತ್ತಾಯ ಮಾಡಿ ನೇರ ಮಾಡಿಸಬೇಡಿ, ಮನೆಯಲ್ಲೂ ತಿರುಗಿಸಿ ನೋಡಬೇಡಿ. ಮಂಡಿಚಿಪ್ಪಿನ ಕೆಳಗಿನ ಉಬ್ಬು ಒತ್ತಿದರೆ ಮಾತ್ರ ನೋವು ಅಂದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ, ಬೆಳೆಯುವ ಮಕ್ಕಳಲ್ಲಿ ಅದು ಮಾಮೂಲಿ. ಇದು ಹಾಗಲ್ಲ. ಇವತ್ತೇ ಮೂಳೆ ಡಾಕ್ಟರ ಹತ್ತಿರ ಹೋಗಿ, ಎರಡೂ ಹಿಪ್ ಎಕ್ಸ್‌ರೇ ಕೇಳಿ. ಆ ಕಾಲ ಮೇಲೆ ಭಾರ ಬೇಡ, ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಿ. ಅದೇ ಆಗಿದ್ದರೆ ಆಪರೇಷನ್ ಮಾಡಿ ಸ್ಕ್ರೂ ಹಾಕುತ್ತಾರೆ. ತಡ ಆದಷ್ಟೂ ಜಾಸ್ತಿ ಜಾರುತ್ತದೆ.

ಗ್ರೂಪಿನ ಅಣ್ಣ: ಎಕ್ಕದ ಎಲೆಗೆ ಎಳ್ಳೆಣ್ಣೆ ಸವರಿ, ಬಿಸಿ ಮಾಡಿ 3 ರಾತ್ರಿ ಕಟ್ಟಿ. ಎಂಥ ಮಂಡಿ ನೋವೂ ಮಾಯ! ಎಲ್ಲರಿಗೂ ಫಾರ್ವರ್ಡ್ ಮಾಡಿ 🙏

ಫಿಸಿಯೋ: ದಯವಿಟ್ಟು ಡಿಲೀಟ್ ಮಾಡಿ. ಎಕ್ಕದ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಅಪಾಯ. ಆ ಹುಡುಗನಿಗೆ 3 ರಾತ್ರಿ ಕಾಯುವ ಟೈಮ್ ಇಲ್ಲ.

ಗ್ರೂಪಿನ ಅಣ್ಣ: ನಮ್ಮಜ್ಜಿ ಕಾಲದಿಂದ ಇದೆ ಮೇಡಂ.

ಬ್ರೌನ್ ಬೆಲ್ಟ್: ತಿರುಗುವಾಗ ಹಿಮ್ಮಡಿ ಮೇಲಾ, ಪಾದದ ಮುಂಭಾಗದ ಮೇಲಾ?

ಗೋಜು ಹುಡುಗ: ಮಂಡಿ ಹಾಳಾಗೋದೇ ಶೋಟೊಕಾನ್ ಉದ್ದ ನಿಲುವಿನಿಂದ. ನಮ್ಮ ಗೋಜು ಶೈಲಿಯ ಸಾಂಚಿನ್-ದಾಚಿ ನಿಲುವು ನೋಡಿ, ಎಷ್ಟು ಚಿಕ್ಕದು.

ಶೋಟೊಕಾನ್ ಸೆನ್ಸೈ: ನಮ್ಮ ಶೈಲಿ ಶುರು ಮಾಡಿದ ಫುನಾಕೋಶಿ 1922ರಲ್ಲಿ ಒಕಿನಾವಾದಿಂದ ಟೋಕಿಯೋಗೆ ಬಂದಾಗ ನಮ್ಮ ನಿಲುವೂ ಇಷ್ಟು ಉದ್ದ ಇರಲಿಲ್ಲ. ಹಳೇ ಫೋಟೋ ನೋಡಿ. ತಿಳಿದು ಮಾತಾಡಿ.

ಗೋಜು ಹುಡುಗ: ಅಂದ್ರೆ ನೀವೇ ಒಪ್ಪಿಕೊಂಡ್ರಿ, ಆಮೇಲೆ ಕೆಡಿಸಿದ್ದು!

ಕಳರಿ ಅಭಿಮಾನಿ: ಎಲ್ಲಾ ಹೋಗಿದ್ದು ನಮ್ಮಿಂದ. ಚೀನಾಗೆ ಹೋದ ಬೌದ್ಧ ಭಿಕ್ಷು ಬೋಧಿಧರ್ಮ ಕಾಂಚಿಯವರು ಅಂತಾರೆ.

ಶೋಟೊಕಾನ್ ಸೆನ್ಸೈ: ಅವರು ಹೊಡೆದಾಟ ಕಲಿಸಿದ್ದಕ್ಕೆ ಪುರಾವೆ ಹಾಕಿ, ಇಲ್ಲಾಂದ್ರೆ ಸುಮ್ನಿರಿ.

ಕಳರಿ ಅಭಿಮಾನಿ: ಸುಮ್ನಿರೋಕೆ ನೀವ್ಯಾರು?

ಬ್ರೌನ್ ಬೆಲ್ಟ್: ನನ್ನ ಪ್ರಶ್ನೆ?

ಮೈಸೂರಿನ ಅಪ್ಪ: ಮಗಳಿಗೆ ಮಂಡಿ ನೋವು. ಎಣ್ಣೆ ಹಚ್ಚಬಹುದಾ?

ಫಿಸಿಯೋ: ಎಲ್ಲಿ, ಎಷ್ಟು ದಿನದಿಂದ. ಮೊದಲ ಪೋಸ್ಟ್ ಓದಿ.

ಹುಬ್ಬಳ್ಳಿ ಅಮ್ಮ: ಭಾನುವಾರ ಬೆಲ್ಟ್ ಪರೀಕ್ಷೆ ರೀ, ಫೀ ಕಟ್ಟಿದ್ದೇವೆ. ಮುಗಿಸಿ ಸೋಮವಾರ ತೋರಿಸಲಾ?

ಫಿಸಿಯೋ: ಬೇಡ. ಪರೀಕ್ಷೆ ಇನ್ನೊಂದು ಸಲ ಬರುತ್ತದೆ. ಸರ್‌ಗೆ ನನ್ನ ಉತ್ತರ ತೋರಿಸಿ. ಈಗ ಹೊರಡುತ್ತೀರಾ?

ಗೋಜು ಹುಡುಗ: ಶೋಟೊಕಾನ್ ಪರೀಕ್ಷೇನಾ? 😄

ಫಿಸಿಯೋ: ಅಡ್ಮಿನ್, ಇವರನ್ನು ಹೊರಗೆ ಹಾಕಿ. ಹುಬ್ಬಳ್ಳಿ ಅಮ್ಮಾ, ಹೊರಟಿರಾ?

ಬ್ಲೂ ಬೆಲ್ಟ್: ಮೇಡಂ, ಎಣ್ಣೆ ಬಿಡಿ. ಮಂಡಿಗೆ ಹಾಕುವ ನೀ-ಕ್ಯಾಪ್ ಯಾವ ಸೈಜ್ ತಗೊಳ್ಳಲಿ?